ಗಾಳಿಕೊಳವೆಯ ಬಾಯಿಗೆ ಹಾರ

ರೇಸ್ ಟ್ರ್ಯಾಕಿನಲ್ಲಿ ಓಡುವ ಕಾರೊಂದರ ಬ್ರೇಕ್ ಡಿಸ್ಕಿಗೆ ಬಿಸಿಯೆಂದರೆ ಪ್ರಾಣಭಯ. ಹಿಂದಿನ ಸಲ ಅದು ಕಾದು ಕೆಂಡವಾಗಿ, ತಿರುವಿನಲ್ಲಿ ಚಕ್ರದ ಮೇಲಿನ ಹಿಡಿತ ಇನ್ನೇನು ತಪ್ಪುವುದರಲ್ಲಿತ್ತು. ಅದಕ್ಕೇ ಒಡೆಯ ಮುಂದಿನ ಬಂಪರಿನಿಂದ ಡಿಸ್ಕಿನವರೆಗೆ ತಂಪು ಗಾಳಿ ತರುವ ಕೊಳವೆಯೊಂದನ್ನು ಕೂರಿಸಿದ. ಹೊಸ ಸಾಮಾನು ಬಂದಿತಲ್ಲ, ಅರಿಸಿನ ಕುಂಕುಮ ಹಚ್ಚಿ, ಕೊಳವೆಯ ಬಾಯಿಗೆ ದಪ್ಪನೆಯ ಚೆಂಡುಹೂವಿನ ಹಾರ ಕಟ್ಟಿ ಪೂಜೆಯನ್ನೂ ಮಾಡಿದ. ಹಾಗೆಯೇ ಟ್ರ್ಯಾಕಿಗಿಳಿದ.

ಎರಡನೆಯ ಸುತ್ತಿಗೇ ಡಿಸ್ಕಿನ ಮೈ ಸುಡತೊಡಗಿತು.

"ತಮ್ಮಾ, ಗಾಳಿ ಎಲ್ಲಿ?" ಎಂದು ಅದು ಕೇಳಿತು.

"ಬಾಯಿ ತುಂಬ ಹಾರವಿದೆ ಅಣ್ಣಾ, ಕಾಣುವುದಿಲ್ಲವೇ?" ಎಂದಿತು ಕೊಳವೆ.

"ಅದನ್ನು ಉದುರಿಸಿಬಿಡು. ನಿನ್ನ ಕಾಲಿಗೆ ಬೀಳುತ್ತೇನೆ."

"ಬಂದ ದಿನವೇ ಸಿಕ್ಕ ಮರ್ಯಾದೆಯನ್ನು ಉದುರಿಸಲೇ? ಇಷ್ಟು ವರ್ಷ ದುಡಿದಿರಿ, ನಿಮಗೆ ಯಾರಾದರೂ ಒಂದು ಎಸಳು ಮುಡಿಸಿದರೇ?"

ಎದುರಿಗೆ ದೊಡ್ಡ ತಿರುವು, ತಿರುವಿನಾಚೆ ಗೋಡೆ. ಒಡೆಯ ಪೆಡಲ್ ಒತ್ತಿದ. ಡಿಸ್ಕು ಇದ್ದಬದ್ದ ಬಲವನ್ನೆಲ್ಲ ಹಾಕಿತು. ಹಿಡಿತ ಜಾರಿತು. ಒಡೆಯ ಮತ್ತೆ ಒತ್ತಿದ. ಮತ್ತೆ ಜಾರಿತು.

"ತಮ್ಮಾ," ಎಂದಿತು ಡಿಸ್ಕು, "ಗೋಡೆಗೆ ಮೊದಲು ಬಡಿಯುವುದು ನಿನ್ನ ಬಾಯಿ."

ಆಗ ಕೊಳವೆ ಹಾರವನ್ನು ಉಗುಳಲು ಒದ್ದಾಡಿತು. ಆದರೆ ಒಡೆಯ ಭಕ್ತಿಯಿಂದ ಗಂಟಿನ ಮೇಲೆ ಗಂಟು ಹಾಕಿದ್ದ.