ಒಳಗಿನಿಂದ ಬಂದ ಹೂಂ

ಪೂಜ್ಯ ಕೌದಿ ಅವ್ವನವರಿಗೆ ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ. ಊರ ಅಗಸಿ ಬಾಗಿಲ ಕಟ್ಟೆ, ಹೊದೆಯಲು ತೇಪೆ ಹಾಕಿದ ಒಂದು ಕೌದಿ, ಅಷ್ಟೇ ಆಸ್ತಿ. ಪ್ಲೇಗು ಬಂದ ವರ್ಷ ಊರೇ ಖಾಲಿಯಾಗಿ ಜನರೆಲ್ಲ ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಅವ್ವನವರು ಮಾತ್ರ ಕದಲಲಿಲ್ಲ. ದಿನಾ ಬೆಳಗಿನ ಮಂಜಿನಲ್ಲಿ ಬೀಗ ಬಿದ್ದ ಒಂದೊಂದು ಬಾಗಿಲ ಮುಂದೆಯೂ ನಿಂತು, “ಒಳ್ಳೇದಾಗತೈತಿ ತಾಯಿ, ಹೆದರಬ್ಯಾಡ” ಎಂದು ಹೇಳಿ ಮುಂದೆ ಹೋಗುತ್ತಿದ್ದರು. ಆ ಸುದ್ದಿ ಕಿವಿಗೆ ಬಿದ್ದರೆ ಸಾಕು, ಗುಡಿಸಲಿನವರಿಗೆ ಗಂಟಲಲ್ಲಿ ತುತ್ತು ಇಳಿಯುತ್ತಿತ್ತು.

ಅವರಲ್ಲೊಬ್ಬನಾದ ಸೋಬಪ್ಪನಿಗೆ ಮಾತ್ರ ಇದು ತಮಾಷೆ. “ಮುದುಕಿ ಬಾಗಿಲಿಗೆ ಸಮಾಧಾನ ಹೇಳತಾಳ! ನಾಳೆ ಒಳ್ಳಕಲ್ಲಿಗೂ ಹೇಳತಾಳ, ನೋಡ್ರಿ ಬೇಕಾರ” ಎಂದು ಎಲ್ಲರನ್ನೂ ನಗಿಸುತ್ತಿದ್ದ. ನಗಿಸಿದವನಿಗೇ ನಿದ್ದೆಯಿರಲಿಲ್ಲ. ಹೆಂಡತಿ ನಿಂಬೆವ್ವನಿಗೆ ಜ್ವರ ಏರಿದಾಗ ತಲೆದೆಸೆಗೆ ಒಂದು ತಂಬಿಗೆ ನೀರಿಟ್ಟು, ಒಂದು ಮಾತೂ ಆಡದೆ ಆಕೆಯನ್ನು ಮನೆಯಲ್ಲೇ ಬಿಟ್ಟು ಹೊಲಕ್ಕೆ ಓಡಿ ಬಂದಿದ್ದ. ಒಬ್ಬಳೇ ಸತ್ತ ಆಕೆಯನ್ನು ಅವ್ವನವರೇ ಮಣ್ಣು ಮಾಡಿಸಿದ್ದರು.

ಅವ್ವನವರನ್ನು ಬೆಚ್ಚಿಬೀಳಿಸಬೇಕೆಂದು ಒಂದು ಬೆಳಗ್ಗೆ ಅವನು ಹಿತ್ತಿಲ ಗೋಡೆ ಹಾರಿ, ತನ್ನ ಮನೆಯನ್ನೇ ಹೊಕ್ಕು ಬಾಗಿಲ ಹಿಂದೆ ಕುಳಿತ. ಹೊರಗೆ ಹೆಜ್ಜೆ ನಿಂತಿತು.

“ಒಳ್ಳೇದಾಗತೈತಿ ತಾಯಿ, ಹೆದರಬ್ಯಾಡ.”

ಸೋಬಪ್ಪ ಹೆಣ್ಣುದನಿ ಮಾಡಿ “ಹೂಂ” ಅಂದ. ನಗು ತಡೆಯಲಾರದೆ ರುಮಾಲಿನ ತುದಿ ಬಾಯಿಗೆ ತುರುಕಿಕೊಂಡ.

ಬೆನ್ನ ಹಿಂದಿನ ಕತ್ತಲಲ್ಲಿ ಇನ್ನೊಂದು “ಹೂಂ” ಕೇಳಿಸಿತು.

ರಾತ್ರಿ ಅವನು ಬಿಡುತ್ತಿದ್ದ ಬೊಗಳೆ ಕಥೆಗಳಿಗೆ ನಿಂಬೆವ್ವ ಅರೆನಿದ್ದೆಯಲ್ಲಿ ಹೀಗೇ ಹೂಂಗುಟ್ಟುತ್ತಿದ್ದಳು. ಅದೇ ದನಿ.

“ಅವ್ವಾ! ಒಳಗ ಯಾರೋ ಅದಾರ್ರೀ!”

“ಗೊತ್ತೈತಪ್ಪ” ಎಂದರು ಅವ್ವನವರು, ಹೊರಗಿನಿಂದಲೇ. “ದಿನಾ ನಾ ಹೇಳತೀನಿ. ಆಕಿ ಕಾಯೋದು ನಿನ್ನ ಮಾತಿಗೆ.”

ಸೋಬಪ್ಪ ಹಾಗೂ ಹೀಗೂ ಕತ್ತಲ ಕಡೆ ತಿರುಗಿದ.

“ನಿಂಬೀ... ಹೆದರಬ್ಯಾಡ. ನಾ ಇಲ್ಲೇ ಅದೀನಿ.”

ಬಹಳ ಹೊತ್ತಿನ ಮೇಲೆ, ನಿದ್ದೆ ಹತ್ತುವವರ ಹಾಗೆ, ಮೆಲ್ಲಗೆ “ಹೂಂ” ಬಂತು. ತಂಬಿಗೆ ಉರುಳಿದ ಸಪ್ಪಳ. ತಣ್ಣನೆಯ ನೀರು ಅವನ ಪಾದಕ್ಕೆ ತಾಕಿತು.

ಅಂದಿನಿಂದ ಯಾವ ಗುಡಿಸಲಲ್ಲಿ ಜ್ವರ ಬಂದರೂ ಸೋಬಪ್ಪ ಹೋಗಿ ಕೈ ಹಿಡಿದು ಕೂರುತ್ತಿದ್ದ. ನಗಿಸುವುದನ್ನೂ ಬಿಡಲಿಲ್ಲ. “ಇಲ್ಲೇ ಅದೀನಿ” ಅಂದ ಮೇಲೆ ಮಾತ್ರ ಎದ್ದು ಹೋಗುತ್ತಿರಲಿಲ್ಲ.

ಆ ಹೂಂ ಕೇಳಿದ ಮರುದಿನ ಬೆಳಗ್ಗೆ ಅವನೂ ಅವ್ವನವರ ಹಿಂದೆ ಬೀದಿ ಹಿಡಿದ. ಅವನ ಮನೆಯ ಮುಂದೆ ಅವರು ನಿಲ್ಲದೆ ದಾಟಿದರು.

“ಇಲ್ಲಿ ಹೇಳಂಗಿಲ್ಲೇನ್ರೀ ಅವ್ವಾ?”

“ಮೆಲ್ಲಕ ಮಾತಾಡಪ್ಪ” ಎಂದರು ಪೂಜ್ಯರು. “ಆಕಿ ಮಲಗ್ಯಾಳ.”