ನುಂಗಿದ ಮೇಲೆ

ಹಾವು ನುಂಗಿದ್ದ ಇಲಿಯನ್ನು ಹಾಗೇ ಕಕ್ಕಿತ್ತು.

ಬುಟ್ಟಿಯ ಮುಚ್ಚಳ ಹಿಡಿದುಕೊಂಡು ಶಿವಪುತ್ರ ನಿಂತೇ ಇದ್ದ. ಆ ನಾತಕ್ಕೆ ಮೂಗು ಮುಚ್ಚಿಕೊಳ್ಳಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ.

ಮಲಪ್ರಭೆಯ ದಂಡೆಯ ಆ ಸಣ್ಣ ಮಠಕ್ಕೆ ಅವನು ಬಂದದ್ದು ಕಾವಿ ಉಡಬೇಕೆಂದು. ಗುರು ಕಾಡಯ್ಯಜ್ಜ ಅವನ ಕೈಗೆ ಹಾರೆ ಕೊಟ್ಟು ಹೂವಿನ ಮಡಿ ಅಗಿಯಲು ಹಚ್ಚಿದರು. ಅವಸರದ ಕೈ. ಹಾರೆಯ ಮೊನೆ ಮಣ್ಣಿನೊಳಗೆ ಮಲಗಿದ್ದ ಕೇರೆಹಾವಿನ ಬೆನ್ನು ಸೀಳಿತು.

ಅಜ್ಜ ಗಾಯಕ್ಕೆ ಅರಿಸಿನ ಹಚ್ಚಿದರು. ಹಾವನ್ನು ಬಿದಿರ ಬುಟ್ಟಿಯಲ್ಲಿಟ್ಟು ಶಿಷ್ಯನ ಮುಂದೆ ಸರಿಸಿದರು.

“ಇದು ತನ್ನ ಹೊಟ್ಟಿ ಮ್ಯಾಲ ತಾನ ಹರಕೊಂಡು ಹೋದ ದಿನ ನಿನಗ ಕಾವಿ. ಅಲ್ಲೀತನಕ ಇದನ್ನ ಸಾಕೂದ ನಿನ್ನ ಪೂಜಿ.”

“ಸತ್ತರ ಏನ್ರೀ?”

“ಸತ್ತರ ಊರಿಗೆ ಹೋಗು. ಕೊಲ್ಲೂ ಕೈಗೆ ಜಪಮಣಿ ಯಾಕ ಬೇಕು?”

ಶಿವಪುತ್ರ ಅಂದೇ ತನ್ನ ಮೆತ್ತನೆಯ ಧೋತರವನ್ನು ಕಾವಿಯಲ್ಲಿ ಅದ್ದಿ ಒಣಗಹಾಕಿದ. ಕೂಸು ಹುಟ್ಟುವ ಮೊದಲೇ ಕುಲಾವಿ.

ಉಗ್ರಾಣದಲ್ಲಿ ಇಲಿಗಳಿಗೇನೂ ಬರವಿರಲಿಲ್ಲ. ಬೋನಿಗೆ ಬಿದ್ದದ್ದು ಹಾವಿಗೆ ಅಂತಾಯಿತು. ದಾಸೋಹದ ಅಡುಗೆಯ ಗೌರವ್ವನಿಗೆ ಇದು ಸರಿಬರಲಿಲ್ಲ.

“ಮಠದಾಗ ಇಲಿ ತಿನಸೂದೇನ್ರಿ ಅಜ್ಜಾರ? ಹಾಲು ಎರದ್ರ ಆಗೂದಿಲ್ಲೇನು?”

“ನಿನಗ ಹುಲ್ಲು ಹಾಕಿದ್ರ ಉಣ್ತೀಯೇನವಾ?” ಎಂದರು ಅಜ್ಜ.

ಗಾಯ ಮಾಯಿತು. ಹಾವು ಇಲಿಯನ್ನೂ ನುಂಗತೊಡಗಿತು. ಆದರೆ ನುಂಗಿದ್ದು ಒಳಗೆ ನಿಲ್ಲಲಿಲ್ಲ. ಕೊಟ್ಟದ್ದೆಲ್ಲ ಹೊರಗೆ. ಶಿವಪುತ್ರ ಓಡಿಹೋಗಿ ಅಜ್ಜನ ಮುಂದೆ ನಿಂತ.

“ಅಜ್ಜಾರ, ಮತ್ತ ಕಕ್ಕೈತ್ರಿ.”

“ನೀರಿಡು. ಹೊಟ್ಟಿ ಒಳಗ ಹುಣ್ಣಾಗಿರ್ತೈತಿ, ಆರಲಿ. ನಾ ಹೇಳೂತನಕ ಇಲಿ ಕೊಡಬ್ಯಾಡ.”

“ಹಸಿದೈತಿ ಅಲ್ರೀ.”

“ಹಸೀಲಿ.”

ಶಿವಪುತ್ರ ಮರಳಿ ಬಂದು ಬುಟ್ಟಿಯೊಳಗೆ ನೋಡಿದ. ಹಾವಿನ ಬೆನ್ನೆಲುಬು ಎದ್ದು ಕಾಣುತ್ತಿತ್ತು. ಪಕ್ಕೆಯ ಚರ್ಮ ನೆರಿಗೆ ಬಿದ್ದಿತ್ತು. ಉಪವಾಸ ಕೆಡವಿದರೆ ಇದು ಉಳಿಯುವುದು ಹೇಗೆ? ಅಜ್ಜನಿಗೆ ವಯಸ್ಸಾಗಿದೆ, ಏನೋ ಹೇಳಿಬಿಟ್ಟಿದ್ದಾರೆ ಎಂದುಕೊಂಡ.

ಬೋನಿನಲ್ಲಿ ಒಂದು ದಪ್ಪ ಇಲಿ ಇತ್ತು. ಕೊಟ್ಟ. ಹಾವು ನುಂಗಿತು. ಅವನಿಗೆ ಅಜ್ಜನಿಗಿಂತ ತಾನೇ ಜಾಣ ಅನ್ನಿಸಿತು.

ಬೆಳಗ್ಗೆ ಬುಟ್ಟಿಯ ತಳ ಒದ್ದೆಯಾಗಿತ್ತು. ಅರೆ ಕರಗಿದ ಇಲಿ, ಅದರ ಸುತ್ತ ನೆತ್ತರಿನ ಎಳೆ. ಹಾವು ಬಾಯಿ ತೆರೆದುಕೊಂಡು ಬಿದ್ದಿತ್ತು.

ಶಿವಪುತ್ರ ಬುಟ್ಟಿಯನ್ನು ಎತ್ತಿಕೊಂಡು ಹೋಗಿ ಅಜ್ಜನ ಮುಂದಿಟ್ಟ. ಅವನಿಗೆ ಸುಳ್ಳು ಬರುತ್ತಿರಲಿಲ್ಲ, ಅದೊಂದು ಪುಣ್ಯ.

“ಇಲಿ ಕೊಟ್ಟೀಯೇನು?”

“ಕೊಟ್ಟೇನ್ರಿ. ಹೆದರಿಕಿ ಆತ್ರಿ.”

“ಯಾತಕ ಹೆದರಿದಿ? ಇದರ ಸಾವಿಗೋ, ನಿನ್ನ ಊರಿಗೋ?”

ಶಿವಪುತ್ರ ಬುಟ್ಟಿಯ ಮುಚ್ಚಳ ಮುಚ್ಚಿದ.

“ಇರಲಿ. ಇದು ನುಂಗಿದ ಮ್ಯಾಲ ದಿನಾ ಏನ್ ಮಾಡ್ತಿದ್ದಿ? ಬಿಡಿಸಿ ಹೇಳು.”

ಅವನ ಮುಖ ತುಸು ಬೆಳಗಿತು. ಅದನ್ನಂತೂ ಅವನು ಒಂದು ದಿನವೂ ತಪ್ಪಿಸಿರಲಿಲ್ಲ.

ಆ ಮಠದಲ್ಲಿ ಉಂಡು ಎದ್ದವರು ಯಾರೇ ಇರಲಿ, ಅಜ್ಜನ ಪಾದಕ್ಕೆ ಬಾಗಿಯೇ ಹೋಗಬೇಕು. ಅದು ಹಿಂದಿನಿಂದ ಬಂದ ಪದ್ಧತಿ. ಹಾವು ಉಣ್ಣುವ ಹೊತ್ತಿಗೆ ಅಜ್ಜ ಹೊಳೆಗೆ ಹೋಗಿರುತ್ತಿದ್ದರು. ಅದಕ್ಕೆ ಶಿವಪುತ್ರ ಹಾವನ್ನು ಎರಡೂ ಕೈಯಲ್ಲಿ ಎತ್ತಿ, ಗದ್ದುಗೆಯ ಗುಡಿಗೆ ಒಯ್ದು, ಅಲ್ಲಿದ್ದ ಅಜ್ಜನ ಪಾದುಕೆಗೆ ಅದರ ತಲೆ ಬಾಗಿಸುತ್ತಿದ್ದ. ಆಮೇಲೆ ಬುಟ್ಟಿಯನ್ನು ಗದ್ದುಗೆಯ ಕಲ್ಲಿನ ಮೇಲೇ ಇಡುತ್ತಿದ್ದ. ಮಠದಲ್ಲಿ ಅದಕ್ಕಿಂತ ಪವಿತ್ರ ಜಾಗ ಇನ್ನೊಂದಿರಲಿಲ್ಲ. ಅದಕ್ಕಿಂತ ತಣ್ಣನೆಯ ಜಾಗವೂ ಇರಲಿಲ್ಲ.

ಅಜ್ಜ ಎಲ್ಲ ಕೇಳಿ ತಮ್ಮ ಕಾಲನ್ನೇ ನೋಡಿಕೊಂಡರು.

“ನುಂಗಿದ್ದು ಕರಗೂತನಕ ಇದಕ ಕತ್ತಲಿ ಬೇಕು, ಬಿಸುಪು ಬೇಕು. ಯಾರೂ ಮುಟ್ಟಬಾರದು. ನೀ ಎತ್ತಿದಿ, ಬಾಗಿಸಿದಿ, ತಣ್ಣನ ಕಲ್ಲಿನ ಮ್ಯಾಲ ಇಟ್ಟಿ.”

“ಭಕ್ತಿಯಿಂದ ಮಾಡೇನ್ರಿ ಅಜ್ಜಾರ.”

“ಬೆನ್ನಿಗೆ ಹಾರಿ ಹಾಕಿದ್ದು ಭಕ್ತಿಯಿಂದಲ್ಲ. ಆ ಗಾಯ ಮಾದೈತಿ, ನೋಡು.”

ಶಿವಪುತ್ರ ಬುಟ್ಟಿಯ ಮೇಲೆ ಬಗ್ಗಿದ.

“ಬದುಕ್ತೈತೇನ್ರಿ?”

“ನನಗ ಗೊತ್ತಿಲ್ಲ. ಮೊದಲ ಹಾಸಿಗಿ ಬದಲಿ ಮಾಡು. ಮೆತ್ತಗಿರಲಿ.”

ಅವನು ಒಳಗೆ ಹೋದ. ಗೋಣಿತಟ್ಟು ಒರಟು, ಹುಲ್ಲು ಚುಚ್ಚುತ್ತದೆ. ಮಡಚಿಟ್ಟಿದ್ದ ಕಾವಿ ಧೋತರವನ್ನು ತಂದು ಬುಟ್ಟಿಯ ತಳಕ್ಕೆ ಹಾಸಿದ. ಅಜ್ಜ ಹಾವನ್ನು ಮೆಲ್ಲಗೆ ಅದರ ಮೇಲೆ ಇಳಿಸಿದರು.

ಬುಟ್ಟಿ ದಾಸೋಹದ ಒಲೆಯ ಹಿಂಗೋಡೆಗೆ ಬಂತು. ಅಲ್ಲಿ ಗೋಡೆ ದಿನವಿಡೀ ಬೆಚ್ಚಗಿರುತ್ತಿತ್ತು.

“ಇಲ್ಲಿ ಕೂಡು,” ಎಂದರು ಅಜ್ಜ. “ಎರಡೂ ಕೈ ಕುಂಡಿ ಕೆಳಗ ಇಟ್ಕೊ.”

“ನಾ ಏನ್ ಮಾಡ್ಲಿ?”

“ಅದನ್ನ ಈಗ ಹೇಳೇನಲ್ಲ, ಕೂಡು.”

ಶಿವಪುತ್ರ ಕೂತ. ಬುಟ್ಟಿಯೊಳಗೆ ಸದ್ದಿಲ್ಲ. ಮರುದಿನವೂ ಸದ್ದಿಲ್ಲ. ನೀರಿಡಲು ಮಾತ್ರ ಅಜ್ಜ ತಾವೇ ಬಂದು, ಮುಚ್ಚಳವನ್ನು ಬೆರಳಷ್ಟು ಸರಿಸಿ, ಮುಚ್ಚಿ ಹೋಗುತ್ತಿದ್ದರು. ಅವರ ಮುಖದಿಂದ ಏನೂ ತಿಳಿಯುತ್ತಿರಲಿಲ್ಲ.

ಗೌರವ್ವ ಸೌದೆ ಒಯ್ಯುತ್ತ ನಿಂತು ಕೇಳಿದಳು: “ಜೀವ ಐತೇನೋ?”

“ಗೊತ್ತಿಲ್ಲವಾ.”

“ಒಂದೀಟು ತೆಗದು ನೋಡಬಾರದಾ?”

ಅವನ ಬಲಗೈ ಹೊರಗೆ ಬಂತು. ಮುಚ್ಚಳ ಮುಟ್ಟಿತು. ಒಳಗೆ ಅದು ಸತ್ತಿದ್ದರೆ? ಬದುಕಿದ್ದು, ತಾನು ತೆರೆದದ್ದಕ್ಕೇ ಸತ್ತರೆ? ಕೈ ಮತ್ತೆ ಕೆಳಗೆ ಹೋಯಿತು.

ಕೊನೆಗೊಂದು ದಿನ ಅಜ್ಜ ಹೆಬ್ಬೆರಳಷ್ಟು ಇಲಿಮರಿಯೊಂದನ್ನು ತಂದರು.

“ಈಗ ಕೊಡು.”

ಹಾವು ಅಲುಗಲಿಲ್ಲ. ಸತ್ತೇಹೋಯಿತು ಎಂದುಕೊಂಡ ಶಿವಪುತ್ರ. ಅಷ್ಟರಲ್ಲಿ ನಾಲಗೆ ಹೊರಗೆ ಬಂತು, ಒಳಗೆ ಹೋಯಿತು. ಬಾಯಿ ಮೆಲ್ಲಗೆ ತೆರೆಯಿತು.

ನುಂಗಿತು. ಅಜ್ಜ ಮುಚ್ಚಳ ಹಾಕಿ ಹೊಳೆಗೆ ಹೋದರು.

ಅಂದು ಶಿವಪುತ್ರ ಊಟಕ್ಕೆ ಏಳಲಿಲ್ಲ. ಮಧ್ಯಾಹ್ನ ಪಕ್ಕದೂರಿನ ಭಕ್ತರೊಬ್ಬರು ಹಾಲಿನ ತಂಬಿಗೆ ಹಿಡಿದು ಬಂದರು.

“ನಾಗಪ್ಪನ್ನ ಹೊರಗ ತೆಗೀಪಾ, ಕೈ ಮುಗಿದು ಹೋಗ್ತೇವಿ.”

“ಆಗಂಗಿಲ್ರಿ. ಅದು ಉಂಡು ಮಲಗೈತಿ.”

“ದೇವರಿಗೆ ಅಡ್ಡ ಬರ್ತೀಯೇನು?” ಎಂದು ಅವರು ಮುಚ್ಚಳಕ್ಕೇ ಕೈ ಚಾಚಿದರು.

ಶಿವಪುತ್ರ ಕೈ ತೆಗೆಯಲಿಲ್ಲ, ದನಿ ಏರಿಸಲಿಲ್ಲ. ಕೂತಲ್ಲೇ ಸರಿದು ಬುಟ್ಟಿಗೂ ಅವರಿಗೂ ನಡುವೆ ಬೆನ್ನು ಕೊಟ್ಟು ಕೂತ. ಅವರು ಅವನನ್ನು ಬೈದರು, ಅವನ ಮಠವನ್ನೂ ಬೈದರು. ಹಾಲು ಕೊನೆಗೆ ಬೆಕ್ಕಿಗೆ ಹೋಯಿತು.

ಇಲಿ ಹೊರಗೆ ಬರಲಿಲ್ಲ.

ಕೆಲವು ದಿನ ಬಿಟ್ಟು ಅಜ್ಜ ಮುಚ್ಚಳ ತೆಗೆದು ಅವನನ್ನು ಹತ್ತಿರ ಕರೆದರು. ಕಾವಿ ಬಟ್ಟೆಯ ಮೇಲೆ ಹಾವು ಹೇತಿತ್ತು. ಶಿವಪುತ್ರ ಆ ಕಲೆಯನ್ನು ನೋಡಿ ಗಳಗಳನೆ ಅತ್ತುಬಿಟ್ಟ. ಹೇಲು ಕಂಡು ಅಷ್ಟು ಸಂತೋಷಪಟ್ಟವರು ಆ ಮಠದಲ್ಲಿ ಅವನಿಗಿಂತ ಮೊದಲು ಯಾರೂ ಇರಲಿಕ್ಕಿಲ್ಲ.

ಇನ್ನಷ್ಟು ಮರಿ, ಆಮೇಲೆ ಸಣ್ಣ ಇಲಿ, ನಡುನಡುವೆ ಖಾಲಿ ಹೊಟ್ಟೆಯ ದಿನಗಳು. ಯಾವಾಗ ಎಷ್ಟು ಎಂದು ಶಿವಪುತ್ರ ಕೇಳುವುದನ್ನು ಬಿಟ್ಟ. ಕಾವಿಯ ಮಾತನ್ನಂತೂ ಎತ್ತಲೇ ಇಲ್ಲ. ಹಾವಿನ ಪಕ್ಕೆ ತುಂಬಿತು.

ಬಿಸಿಲು ಚೆನ್ನಾಗಿದ್ದ ಒಂದು ಬೆಳಗ್ಗೆ ಅಜ್ಜ ಬುಟ್ಟಿಯನ್ನು ದಂಡೆಗೆ ತರಿಸಿದರು.

“ಮುಚ್ಚಳ ತೆಗದು ದೂರ ನಿಲ್ಲು.”

ಹಾವು ತಲೆ ಎತ್ತಿತು. ಹಾಗೇ ಇತ್ತು. ಶಿವಪುತ್ರನ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಹಾವು ಬುಟ್ಟಿಯ ಅಂಚು ದಾಟಿತು, ಕಲ್ಲು ದಾಟಿತು, ಜೇಕಿನ ಹುಲ್ಲಿನಲ್ಲಿ ಸರಸರನೆ ನುಗ್ಗಿ ಮರೆಯಾಯಿತು. ತಿರುಗಿ ನೋಡಲಿಲ್ಲ. ಅದು ಯಾಕೆ ನೋಡಬೇಕು?

ಅಜ್ಜ ಬಗ್ಗಿ ಬುಟ್ಟಿಯ ತಳದಿಂದ ಕಾವಿಯನ್ನು ಎತ್ತಿದರು. ಒಮ್ಮೆ ಝಾಡಿಸಿದರು. ಕಲೆ ಹಾಗೇ ಇತ್ತು, ವಾಸನೆಯೂ ಇತ್ತು. ಅದನ್ನು ಶಿವಪುತ್ರನ ಹೆಗಲಿಗೆ ಹಾಕಿದರು.

ಶಿವಪುತ್ರ ಅಜ್ಜನ ಪಾದಕ್ಕೆ ಬಾಗಹೋದ.

ಅಜ್ಜ ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

“ಈಗಷ್ಟ ನುಂಗೀದಿ, ತಮ್ಮಾ. ಅದು ಕರಗೂತನಕ ಬಾಗಬ್ಯಾಡ.”