ಉಪ್ಪು ತೆಗೆಯುವ ದರ

ಹೊಳೆ ಸಮುದ್ರ ಸೇರುವಲ್ಲಿ ಒಂದು ಕುರ್ವೆ. ಕುರ್ವೆ ಅಂದರೆ ಹೊಳೆಯ ನಡುವಿನ ದಿಬ್ಬ. ಅಲ್ಲಿ ಮಾದೇವಿ ಅಂತ ಒಬ್ಬಳು, ಅವಳಿಗೆ ಜಟ್ಟ ಅಂತ ಒಬ್ಬ ಮಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಗೋಳು.

ಕುರ್ವೆಯ ಬಾವಿಗಳಿಗೆಲ್ಲ ಉಪ್ಪುನೀರು ನುಗ್ಗಿತ್ತು. ಹೊಳೆ ದಾಟುವ ಸಂಕದಾಚೆ ಯಾರೋ ಧಣಿ ಒಂದು ಮಿಷನ್ನು ಹಾಕಿದ. ಅದು ಹೊಳೆಯ ನೀರು ಹೀರಿ, ಉಪ್ಪು ತೆಗೆದು, ಸಿಹಿನೀರು ಕೊಡುತ್ತದೆ. ಪುಕ್ಕಟೆ ಕೊಡುತ್ತದೆಯೇ? ಎಲ್ಲಿಂದ! ಮಾದೇವಿ ಬೆರಳು ಬಿರಿಯುವ ತನಕ ಸಿಗಡಿ ಸುಲಿದು ತಂದ ಕೂಲಿಯಲ್ಲಿ ಅರ್ಧ ಆ ಮಿಷನ್ನಿಗೇ ಸುರಿಯಬೇಕು. ಅನ್ನಕ್ಕೆ ದುಡಿಯೋಣ, ಸರಿ. ಗಂಟಲು ಒದ್ದೆ ಮಾಡಿಕೊಳ್ಳೋದಕ್ಕೂ ದುಡಿಯಬೇಕೇ? ಯಾವ ಸೀಮೆಯ ನ್ಯಾಯ ಇದು!

ಒಂದು ದಿನ ಮಾದೇವಿ ಮಗನ ಕೈಗೆ ದುಡ್ಡೂ ಕೊಡಪಾನವೂ ಕೊಟ್ಟಳು.

"ಜಟ್ಟಾ, ನೀರು ತಕಂಡು ಬಾ. ದುಡ್ಡಿನ ನೀರು ಮಗಾ, ನೆಲಕ್ಕೆ ಒಂದು ಹನಿ ಬೀಳಕೂಡದು!"

"ಆಯ್ತು ಅವ್ವೇ!"

ಹೋದ, ದುಡ್ಡು ಕೊಟ್ಟ, ನೀರು ತುಂಬಿಸಿಕೊಂಡ. ಎರಡು ಹೆಜ್ಜೆ ಇಟ್ಟನೋ ಇಲ್ಲವೋ, ನೀರು ತುಳುಕಿತು. ಅಯ್ಯೋ, ನೆಲಕ್ಕೆ ಬಿದ್ದೀತು! ಜಟ್ಟ ಸಂಕ ಬಿಟ್ಟು ಹೊಳೆಗೇ ಇಳಿದ. ಕುತ್ತಿಗೆಮಟ್ಟದ ನೀರಿನಲ್ಲಿ ತಡಕಾಡುತ್ತ, ಏಳುತ್ತ, ಮುಳುಗುತ್ತ ಮನೆಗೆ ಬಂದ. ಕೊಡಪಾನ ಖಾಲಿ!

"ನೀರೆಲ್ಲೋ?"

"ನೆಲಕ್ಕೆ ಒಂದು ಹನಿ ಬಿದ್ದಿಲ್ಲ ಅವ್ವೇ! ಎಲ್ಲಾ ಹೊಳೆಗೇ ಬಿತ್ತು!"

ಮಾದೇವಿ ಹಣೆ ಹಣೆ ಚಚ್ಚಿಕೊಂಡಳು.

"ಉಪ್ಪು ತೆಗೆಯೋಕೆ ದುಡ್ಡು ಕೊಟ್ಟು, ವಾಪಸ್ಸು ಉಪ್ಪಿಗೇ ಹಾಕಿ ಬಂದ್ಯಲ್ಲೋ! ಕೇಳಿಲ್ಲಿ, ಆ ನೀರಿನ ಹತ್ರ ಉಪ್ಪು ಸುಳಿಯೋಕೆ ಬಿಡಬ್ಯಾಡ. ತಿಳೀತಾ?"

"ತಿಳೀತು ಅವ್ವೇ!"

ಮಾರನೇ ದಿನ ಬೆಳಿಗ್ಗೆ ನೀರು ತಾನೇ ತಂದಿಟ್ಟು, ಮಾದೇವಿ ಕೂಲಿಗೆ ಹೋದಳು. ಜಟ್ಟ ಕಾವಲು ಕೂತ. ನೋಡುತ್ತಾನೆ, ಪಕ್ಕದಲ್ಲೇ ಉಪ್ಪಿನ ಮರಿಗೆ! ಎತ್ತಿ ಹೊರಗೆ ಎಸೆದ. ಉಪ್ಪಿನಕಾಯಿ ಭರಣಿ! ಅದನ್ನೂ ಎಸೆದ. ಮಳೆಗಾಲಕ್ಕೆಂದು ಕಟ್ಟಿಟ್ಟ ಒಣಮೀನು! ಅದೂ ಹೋಯಿತು, ಕಾಗೆಗಳಿಗೆ ಹಬ್ಬ. ಸಂಜೆ ಮಾದೇವಿ ಬಿಸಿಲಲ್ಲಿ ಬೆಂದು, ಬೆವರಿಳಿಸಿಕೊಂಡು ಬಂದು, ಚೊಂಬು ಬಾಯಿಗೆ ಎತ್ತಿದಳು. ಜಟ್ಟ ಹಾರಿ ಬಂದು ಕಿತ್ತುಕೊಂಡ.

"ಮುಟ್ಟಬ್ಯಾಡ! ನಿನ್ನ ಮೈ ತುಂಬಾ ಉಪ್ಪು!"

ಮಾದೇವಿಗೆ ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟು ಬಂತು.

"ಹೌದೋ, ಉಪ್ಪೇ! ಆ ನೀರಿಗೋಸ್ಕರ ಸುರಿಸಿದ ಬೆವರೇ ಅದು! ಕೊಡೋ ಇಲ್ಲಿ! ಇನ್ನು ಕಾಯೋದು ಬ್ಯಾಡ, ಗೀಯೋದು ಬ್ಯಾಡ. ದುಡ್ಡು ಯಾವುದಕ್ಕೆ ಕೊಟ್ಯೋ ಅದನ್ನು ತಕಂಡು ಬಾ, ನನ್ನ ಕೈಗೆ ಕೊಡು. ಅಷ್ಟೇ ನಿನ್ನ ಕೆಲಸ!"

"ಅಷ್ಟೇ ನನ್ನ ಕೆಲಸ!" ಅಂದ ಜಟ್ಟ.

ಮರುದಿನ ಹೋದರೆ ಮಿಷನ್ನಿನ ಮುಂದೆ ಗಲಾಟೆ. ದರ ಏರಿಸಿದ್ದಾರೆ! ಒಂದಕ್ಕೆ ಎರಡಾಗಿದೆ! ಹೆಂಗಸರು ಕೊಡಪಾನ ಬಡಿದು ಬೈಯುತ್ತಿದ್ದಾರೆ. ಧಣಿ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ಕೈಯಲ್ಲಿ ಪೇಟೆಯಿಂದ ತಂದ ಬಾಟಲಿ ನೀರು. ತನ್ನ ಮಿಷನ್ನಿನ ನೀರು ತನಗೇ ಬೇಡ, ನೋಡಿ!

"ನೀರಿಗೆ ನಾನು ಒಂದು ಪೈಸೆ ಮುಟ್ಟಲ್ಲ!" ಅಂತಾನೆ ಧಣಿ. "ನೀರು ದೇವರದ್ದು, ಪುಕ್ಕಟೆ! ದುಡ್ಡು ಏನಿದ್ರೂ ಉಪ್ಪು ತೆಗೆಯೋದಕ್ಕೆ. ಕರೆಂಟು ಸುಡಬೇಕು, ಉಪ್ಪು ಸೋಸೋ ಜಾಳಿಗೆ ಬದಲಿಸಬೇಕು. ಉಪ್ಪು ತೆಗೆಯೋದು ಅಂದ್ರೆ ಹುಡುಗಾಟವಾ?"

ಜಟ್ಟ ಕೈ ಮುಗಿದು ಕೇಳಿದ. "ಒಡೆಯಾ, ಹಂಗಾರೆ ನನ್ನ ದುಡ್ಡು ಉಪ್ಪಿಗಾ?"

"ಉಪ್ಪಿಗೇ ಮಾರಾಯಾ, ಉಪ್ಪಿಗೇ!"

ಸರಿ. ಜಟ್ಟ ದುಡ್ಡು ಕೊಟ್ಟ. ಸಿಹಿನೀರಿನ ನಲ್ಲಿಯತ್ತ ತಿರುಗಿಯೂ ನೋಡಲಿಲ್ಲ. ಮಿಷನ್ನಿನ ಹಿಂದೆ, ತೆಗೆದ ಉಪ್ಪೆಲ್ಲ ಕಡು ಉಪ್ಪುನೀರಾಗಿ ಕೊಳವೆಯಲ್ಲಿ ಸುರಿದು ಹೊಳೆಗೆ ಹೋಗುತ್ತದಲ್ಲ, ಅಲ್ಲಿ ಕೊಡಪಾನ ಹಿಡಿದು ಕಂಠಪೂರ್ತಿ ತುಂಬಿಸಿಕೊಂಡ.

ಮನೆಯಲ್ಲಿ ಮಾದೇವಿ ಒಂದು ಗುಟುಕು ಕುಡಿದಳು. ಥೂ! ಹೊಟ್ಟೆಯೊಳಗಿನದೆಲ್ಲ ಬಾಯಿಗೆ ಬಂತು.

"ಇದೆಂಥದೋ?"

"ಸಿಹಿನೀರು ಪುಕ್ಕಟೆ ಅಂತೆ ಅವ್ವೇ. ದುಡ್ಡು ಉಪ್ಪಿಗಂತೆ. ದರ ಎರಡಾಗೈತೆ. ದುಡ್ಡು ಕೊಟ್ಟಿದ್ದನ್ನೇ ತಂದೆ!"

ಎರಡಾಗೈತೆ! ಇನ್ನು ಕೂಲಿ ಪೂರ್ತಿ ನೀರಿಗೇ. ಗಂಜಿಗೆ ಅಕ್ಕಿ ಎಲ್ಲಿಂದ ತರೋದು? ತಡೆಯಲಾರದೆ ಕಿರುಚಿದಳು. "ಒಯ್ಯೋ! ಇದನ್ನ ಆ ಧಣಿ ಬಾಯಿಗೇ ಹೊಯ್ದು ಬಾರೋ!"

"ಆಯ್ತು ಅವ್ವೇ!"

ಅವಳು ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ ಜಟ್ಟ ಸಂಕದ ಮೇಲಿದ್ದ. ಆಗ ಅವಳಿಗೆ ಹೊಳೆಯಿತು. ಅಯ್ಯೋ ದೇವರೇ, ಇವನು ಹೊಯ್ದೇ ಬಿಡುತ್ತಾನೆ! "ಬ್ಯಾಡ್ವೋ! ನಿಲ್ಲೋ!" ಅಂತ ಸೆರಗು ಕಟ್ಟಿ ಓಡಿದಳು.

ಧಣಿ ಇನ್ನೂ ಹೆಂಗಸರ ಜೊತೆ ಕೂಗಾಡುತ್ತಿದ್ದ. ಕೂಗುವವನ ಬಾಯಿ ತೆರೆದೇ ಇರುತ್ತದಲ್ಲ? ಜಟ್ಟ ಕೊಡಪಾನ ಎತ್ತಿದ, ಬಗ್ಗಿಸಿದ, ಹೊಯ್ದ. ಕುರ್ಚಿ ಒಂದು ಕಡೆ, ಧಣಿ ಒಂದು ಕಡೆ, ಬಾಟಲಿ ಉರುಳಿ ಚರಂಡಿಗೆ.

"ಉಪ್ಪು! ಸತ್ತೆ! ನೀರು ಕೊಡ್ರೋ!"

ಒಬ್ಬ ಹೆಂಗಸೂ ಅಲುಗಲಿಲ್ಲ. ಜಟ್ಟನಿಗೆ ಮಾತ್ರ ಪಾಪ ಅನಿಸಿತು. ಪಕ್ಕದವಳ ಕೊಡಪಾನದಿಂದ ಒಂದು ಚೊಂಬು ಸಿಹಿನೀರು ಎತ್ತಿಕೊಂಡು ಬಗ್ಗಿದ. ಧಣಿ ಎರಡೂ ಕೈ ಚಾಚಿದ. ಜಟ್ಟ ಚೊಂಬು ಹಿಂದಕ್ಕೆ ಎಳೆದುಕೊಂಡ.

"ನೀರು ಪುಕ್ಕಟೆ ಒಡೆಯಾ, ಅದಕ್ಕೆ ಒಂದು ಪೈಸೆ ಬ್ಯಾಡ. ಬಾಯಿಂದ ಉಪ್ಪು ತೆಗೆಯೋದಕ್ಕೆ ಮಾತ್ರ ದುಡ್ಡು."

ಆ ಹೊತ್ತಿಗೆ ಮಾದೇವಿ ಏದುಸಿರು ಬಿಡುತ್ತ ಬಂದಳು. ಹೊಡೆಯಲೆಂದು ಕೈ ಎತ್ತಿದ್ದಳು. ತಪ್ಪಾಗಬಾರದಲ್ಲ ಅಂತ ಜಟ್ಟ ಅವಳನ್ನೇ ಕೇಳಿದ. "ಅವ್ವೇ, ಎಷ್ಟು ತಕಳ್ಳಲಿ? ಹಳೇ ದರವಾ, ಹೊಸ ದರವಾ?"

ಎತ್ತಿದ ಕೈ ಎತ್ತಿದಂತೆಯೇ, ಮಾದೇವಿ ಊರಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಹೊಸ ದರ ಮಗಾ! ಹೊಸಾ ದರ!"